ನೀತಾಳ ಪುಸ್ತಕದ ಅಪ್ಪ

ಫ್ರೀಮಾಂಟ್
ಮಾರ್ಚ್ 14, 2000

ಪ್ರಸಿದ್ಧ ಅಮೆರಿಕನ್ ಲೇಖಕಿ ನೀತಾ ಅವರಿಗೆ,

ಮಗಳೇ ಎಂದು ಬರೆಯಲು ಕೈ ಏಳಲಿಲ್ಲ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿನಗೆ ಓದಲು ಬರುತ್ತದೆ. ಕಲಿಸಿದವರು, ನಿನ್ನ ಆತ್ಮಕಥೆಯಲ್ಲಿ ಬೆಲ್ಟ್ ಬಿಚ್ಚಿ ಹೊಡೆಯುವ ಆ ಅಪ್ಪನೇ.

ನಿನ್ನ ಅಪ್ಪ ಬೆಲ್ಟ್ ಬಿಚ್ಚಿದ್ದನ್ನು ನಾನು ನೋಡಿರುವುದು ಆಫೀಸಿನಿಂದ ಬಂದು ಪಂಚೆ ಉಡುವಾಗ ಮಾತ್ರ. ನಿನ್ನನ್ನು ಗ್ಯಾರೇಜಿನಲ್ಲಿ ಕೂಡಿಹಾಕಿ ಕಥೆಗಳನ್ನು ಸುಟ್ಟರಂತೆ! ಏಳನೇ ಕ್ಲಾಸಿನಲ್ಲಿ ನೀನು ಬರೆದ ಬೆಕ್ಕಿನ ಕಥೆಯನ್ನು ಜೆರಾಕ್ಸ್ ಮಾಡಿಸಿ ಮೈಸೂರಿನ ನೆಂಟರಿಗೆಲ್ಲ ಕಳಿಸಿದ್ದು ಯಾರು? ನಿನ್ನ ಮೊದಲ ಕಾದಂಬರಿಯನ್ನು ಯಾರೂ ಮೂಸಿ ನೋಡದಿದ್ದಾಗ, ಕಂಡ ಕಂಡ ಅಂಗಡಿಗೆ ಹೋಗಿ ಬೇಕೆಂದೇ ಅದನ್ನು ಕೇಳಿ ತರಿಸಿದ್ದು ಯಾರು? ಅದರಲ್ಲಿದ್ದ ಒಳ್ಳೆಯ ಅಪ್ಪ ಮಾರಾಟವಾಗಲಿಲ್ಲ. ಅದಕ್ಕೇ ಈ ಸಲ ನೀನು ಕೆಟ್ಟವನೊಬ್ಬನನ್ನು ಹುಟ್ಟಿಸಿ, ಇದೇ ನನ್ನ ಬಾಳು ಎಂದೆ. ಈಗ ಟಿವಿಯಲ್ಲಿ ನೀನೇ, ಡಾಟ್ ಕಾಂ ಕಂಪನಿಗಳ ಪಾರ್ಟಿಗಳಲ್ಲೂ ನೀನೇ. ಷೇರಿನ ಅಮಲಿನಲ್ಲಿರುವ ಹುಡುಗರು ವೈನ್ ಹಿಡಿದುಕೊಂಡು ನಿನ್ನ ನೋವಿಗೆ ಕಣ್ಣೊರೆಸಿಕೊಳ್ಳುತ್ತಾರಂತೆ. ಭೇಷ್!

ಸ್ಯಾನ್ ಫ್ರಾನ್ಸಿಸ್ಕೋದ ಪುಸ್ತಕದಂಗಡಿಯಲ್ಲಿ ನೀನು ಜನರ ಮುಂದೆ ಈ ಪುಸ್ತಕ ಓದಿದ ದಿನ ನಾವೂ ಬಂದಿದ್ದೆವು. “ಒಳಗೆ ಬೇಡ ವಸಂತಿ, ನನ್ನ ನೋಡಿದ್ರೆ ಅವಳಿಗೆ ಓದೋಕೆ ಕಷ್ಟ ಆಗುತ್ತೆ,” ಎಂದು ನಿನ್ನ ಅಪ್ಪ ಕಿಟಕಿಯ ಆಚೆಗೇ ನಿಂತರು. ಜನ ಚಪ್ಪಾಳೆ ತಟ್ಟಿದಾಗ ಆ ಬೆಪ್ಪು ಮನುಷ್ಯ ಬೀದಿಯಲ್ಲಿ ನಿಂತು ತಾವೂ ತಟ್ಟಿದರು.

ಹೋದ ವಾರ ಪತ್ರಿಕೆಯವಳೊಬ್ಬಳು ಮನೆಗೆ ಬಂದಳು. ನಿನ್ನ ಪುಸ್ತಕದ ಮೇಲೆ ಅವಳಿಗೆ ಗುಮಾನಿ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಪ್ಪ ಇಂಗ್ಲಿಷಿನಲ್ಲಿ, ಮಗಳು ಬರೆದದ್ದೆಲ್ಲ ನಿಜ, ನಾನು ಹೊಡೆಯುತ್ತಿದ್ದೆ ಎಂದುಬಿಟ್ಟರು. ಅವಳು ಹೋದ ಮೇಲೆ ನಾನು ಕೂಗಾಡಿದೆ.

“ಅವಳ ಹೆಸರು ಹೋದ್ರೆ ಮತ್ತೆ ಬರಲ್ಲ ಕಣೇ. ಈ ವಯಸ್ಸಲ್ಲಿ ನಂಗೇನಾಗ್ಬೇಕು?” ಎಂದರು.

ಏನಾಯಿತು ಎಂದು ನಾನು ಹೇಳುತ್ತೇನೆ ಕೇಳು. ಸುದ್ದಿ ಅಚ್ಚಾಯಿತು. ಭಾನುವಾರ ಸನ್ನಿವೇಲ್ ದೇವಸ್ಥಾನದಲ್ಲಿ ಅವರು ಎಂದಿನಂತೆ ಪ್ರಸಾದ ಹಂಚಲು ನಿಂತಿದ್ದರು. ಅವರ ಸಾಲಿನಲ್ಲಿದ್ದ ನಂಜಮ್ಮನವರು ಮೊಮ್ಮಗಳ ಕೈ ಹಿಡಿದು ಪಕ್ಕದ ಸಾಲಿಗೆ ಎಳೆದುಕೊಂಡು ಹೋದರು. ಅವರ ಹಿಂದಿದ್ದವರೂ ಹೋದರು. ನಿನ್ನ ಅಪ್ಪ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕಾರಿನಲ್ಲಿ ಹೋಗಿ ಕೂತರು.

ಯುಗಾದಿಗೆ ಬರಬೇಡ. ಮುಂದಿನ ಪುಸ್ತಕಕ್ಕೆ ರಾಕ್ಷಸಿ ಬೇಕಾದರೆ ನನ್ನನ್ನು ಹಾಕಿಕೋ. ಆ ಯೋಗ್ಯತೆ ನನಗಿದೆ, ಪಾಪ, ಅವರಿಗಿಲ್ಲ.

ಇಂತಿ,
ನಿನ್ನನ್ನು ಹೆತ್ತ
ವಸಂತಿ

ತಾ.ಕ.: ನಿನ್ನೆ ಅವರು ವಾಕಿಂಗ್ ಹೋಗಿದ್ದಾಗ ಇನ್ನೊಂದು ಪತ್ರಿಕೆಯಿಂದ ಫೋನ್ ಬಂತು. ಹೆಂಡತಿಯಾಗಿ ನೀವೇನು ಹೇಳುತ್ತೀರಿ ಎಂದು ಕೇಳಿದರು. ಹೌದು, ಹೊಡೆಯುತ್ತಿದ್ದರು ಎಂದೆ. ನಿನಗೋಸ್ಕರ ಹೇಳಿದೆ ಎಂದು ಉಬ್ಬಬೇಡ. ಅವರು ಬದುಕಿನಲ್ಲಿ ಆಡಿದ್ದು ಅದೊಂದೇ ಸುಳ್ಳು. ಅದನ್ನು ಮುರಿಯಲು ನನ್ನಿಂದ ಆಗಲಿಲ್ಲ.