ಮುಗಿಯದ ಫೆಬ್ರವರಿ

ಇಲ್ಲ ಮುತ್ತಜ್ಜಿ, ಹಾಳು ಮಾಡಿದ್ದು ನಾವಲ್ಲ. ಈಗಿನ ಹುಡುಗ್ರಿಗೆ ಕಾನೂನು ಅಂದ್ರೆ ಗೌರವ ಇಲ್ಲ, ಎಲ್ಲದಕ್ಕೂ ಬೀದಿಗಿಳೀತಾರೆ ಅಂತ ನೀನು ಅಂದ್ಕೋತೀಯ, ಗೊತ್ತು. ಕಾನೂನನ್ನ ಬಿಟ್ಟುಕೊಟ್ಟೋಳು ನೀನು. ಅದನ್ನ ಹೇಳಕ್ಕೇ ಬರೀತಿದೀನಿ.

ನಾನು ಕೊಟ್ರೇಶ, ನಿನ್ನ ಮರಿಮಗ. ಇವತ್ತು ಎರಡು ಸಾವಿರದ ನೂರಾ ಹತ್ತೊಂಬತ್ತನೇ ಇಸವಿ, ಫೆಬ್ರವರಿ ನಲವತ್ತಮೂರು. ತಪ್ಪು ಬರೆದಿಲ್ಲ, ನಲವತ್ತಮೂರೇ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮಂಡಕ್ಕಿ ಭಟ್ಟಿ ಸೇರಿದೋನು ನಾನು. ನಿನಗೆ ಗೊತ್ತಿಲ್ಲದ ಪದ ಬಂದ್ರೆ ಅದೊಂದಕ್ಕೆ ಕ್ಷಮಿಸು. ಬೇರೆ ಯಾವುದಕ್ಕೂ ಕ್ಷಮೆ ಕೇಳಲ್ಲ.

ನಿಮ್ಮ ಕಾಲದಲ್ಲಿ ದೊಡ್ಡ ಪ್ರವಾಹ ಬಂತಂತೆ. ನಾಡಿನ ಅಧ್ಯಕ್ಷರು ಸುಸ್ಥಿತಿ ಮಂಡಳಿ ಅಂತ ಒಂದು ಕಚೇರಿ ಮಾಡಿ, ಯಾರನ್ನೂ ಕೇಳದೆ ಆಜ್ಞೆ ಹೊರಡಿಸೋ ಅಧಿಕಾರ ಅದಕ್ಕೆ ಆರು ತಿಂಗಳ ಮಟ್ಟಿಗೆ ಕೊಡಿ ಅಂತ ಸಭೆ ಮುಂದೆ ಬಂದ್ರು. ನೀನು ಕಾನೂನು ಮಾಡೋ ಆ ಸಭೆ ಸದಸ್ಯೆ. ಮಸೂದೆ ಓದ್ಲಿಲ್ಲ, ಎದ್ದು ಒಂದು ಮಾತು ಕೇಳ್ಲಿಲ್ಲ. ಒಪ್ಪಿಗೆ ಅಂತ ಎಲ್ಲರಿಗಿಂತ ಮೊದಲು ಮೇಜು ಕುಟ್ಟಿದೆ. ಆ ವಿಡಿಯೋ ನೂರು ಸಲ ನೋಡಿದೀನಿ. ಊಟದ ಹೊತ್ತು. ನಗ್ತಾ ಕುಟ್ಟಿದೀಯ.

ಆ ಆರು ತಿಂಗಳು ಮುಗಿದ ಮೇಲೆ ಇನ್ನಾರು, ಆಮೇಲೆ ಇನ್ನಾರು, ಎಂಬತ್ತೈದು ವರ್ಷ. ಈಗ ಅದು ಹಬ್ಬ ಕಣಜ್ಜಿ, ಮುಂದುವರಿಕೆ ಹಬ್ಬ. ಆಗಸ್ಟ್ ಕೊನೇಲಿ ಒಂದು, ಫೆಬ್ರವರಿ ಕೊನೇಲಿ ಒಂದು. ಸಭೆ ಈಗಿರೋದು ದಾವಣಗೆರೇಲೇ, ನಮ್ಮ ಭಟ್ಟಿಯಿಂದ ನಾಲ್ಕು ಬೀದಿ ಆಚೆ. ಸದಸ್ಯರು ಮೇಜು ಕುಟ್ಟೋದನ್ನ ಸರ್ಕಲ್‌ನಲ್ಲಿ ದೊಡ್ಡ ಪರದೆ ಮೇಲೆ ತೋರಿಸ್ತಾರೆ. ಸ್ಕೂಲಲ್ಲಿ ಮಕ್ಕಳ ಕೈಲೂ ಡೆಸ್ಕು ಕುಟ್ಟಿಸಿ ಬೂಂದಿ ಹಂಚ್ತಾರೆ. ಮೊದಲು ಕುಟ್ಟಿದ ಕೈ ನಮ್ಮನೇದು ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬರ್ತಾಳೆ. ನಾನೂ ಕುಟ್ಟಿದೀನಿ, ಬೂಂದಿ ತಿಂದಿದೀನಿ. ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ಅಕ್ಕ ಹಾಲಮ್ಮ ಹಾಗಲ್ಲ. ಹೋದ ನವೆಂಬರಲ್ಲಿ ಮಂಡಳಿ ಗೋಡೆ ಮೇಲೆ ಇದ್ದಿಲಲ್ಲಿ, ಆರು ತಿಂಗಳು ಯಾವಾಗ ಮುಗಿಯುತ್ತೆ ಅಂತ ಬರೆದ್ಲು. ಅಷ್ಟೇ. ಮಾರನೇ ದಿನ ತಡೆಮನೆಗೆ ಹಾಕಿದ್ರು. ತಡೆಮನೆ ಜೈಲಲ್ಲ. ಜೈಲಿಗೆ ಹಾಕಕ್ಕೆ ಕೋರ್ಟ್ ಹೇಳ್ಬೇಕು, ಇದಕ್ಕೆ ಮಂಡಳಿ ಚೀಟಿ ಸಾಕು. ಚೀಟೀಲಿ ಫೆಬ್ರವರಿ ಮುಗಿಯೋವರೆಗೆ ಅಂತಿತ್ತು. ಅವರ ಅಧಿಕಾರ ಇದ್ದಿದ್ದೇ ಅಲ್ಲಿವರೆಗೆ.

ಈ ಸಲ ಸಭೇಲಿ ಒಬ್ಬರೂ ಮೇಜು ಮುಟ್ಟಲಿಲ್ಲ. ಎಲ್ಲಾ ಕೈ ಕಟ್ಕೊಂಡು ಕೂತ್ರು. ಮುಂದುವರಿಕೆ ಸಿಗಲಿಲ್ಲ. ಸರ್ಕಲ್‌ನಲ್ಲಿ ನಿಂತು ನೋಡ್ತಿದ್ದ ನಾನು ಖುಷಿಗೆ ಅತ್ತುಬಿಟ್ಟೆ. ಅಕ್ಕಂಗೆ ಹೊಸ ಚಪ್ಪಲಿ ತಗೊಂಡು ಮಾರನೇ ಬೆಳಿಗ್ಗೆ ತಡೆಮನೆ ಗೇಟಿಗೆ ಹೋದೆ. ಅಲ್ಲಿದ್ದ ಗುಮಾಸ್ತ ಚಪ್ಪಲಿ ನೋಡಿ ನಕ್ಕ.

"ಇವತ್ತು ಫೆಬ್ರವರಿ ಇಪ್ಪತ್ತೊಂಬತ್ತು ಕಣೋ ತಮ್ಮ. ಮಾರ್ಚ್ ಬಂದ್ಮೇಲೆ ಬಾ."

ಈ ವರ್ಷ ಇಪ್ಪತ್ತೆಂಟಕ್ಕೇ ಮುಗೀಬೇಕಿತ್ತು. ಆದ್ರೆ ತಾರೀಕು ಸಾರೋ ಕೆಲಸಾನೂ ಪ್ರವಾಹದ ಕಾಲದಲ್ಲೇ ಮಂಡಳಿ ಪಾಲಾಗಿತ್ತಂತೆ. ಅವರು ಮಾರ್ಚ್ ಒಂದು ಅಂತ ಸಾರ್ತಾನೇ ಇಲ್ಲ. ಸದಸ್ಯರು ಅಧ್ಯಕ್ಷರ ಹತ್ರ ಹೋದ್ರು. ಅಧ್ಯಕ್ಷರು, ತಾರೀಕು ಮಂಡಳಿ ವಿಷ್ಯ, ನಾನು ಕೈ ಹಾಕಲ್ಲ ಅಂದ್ರು. ಮತ್ತೆ ಸಭೆ ಸೇರೋದು ಮಾರ್ಚಲ್ಲಿ ಅಂತ ಹೇಳಿ, ಕೈ ಕಟ್ಕೊಂಡು ಕೂತಿದ್ದ ಆ ಧೀರರೆಲ್ಲ ಬಸ್ಸು ಹತ್ತಿ ಊರಿಗೆ ಹೋದ್ರು. ನಾನು ಕೋರ್ಟಿಗೆ ಹೋದೆ. ಜಡ್ಜಮ್ಮ ಒಳ್ಳೇವ್ರೇ. ಅರ್ಜಿ ಪೂರ್ತಿ ಓದಿ, ಇದು ಅನ್ಯಾಯ ಅಂತ ಬಾಯ್ಬಿಟ್ಟು ಹೇಳಿದ್ರು. ಆಮೇಲೆ ವಿಚಾರಣೆ ಮಾರ್ಚ್ ಎರಡಕ್ಕೆ ಅಂತ ಬರೆದ್ರು. ಬರೆಯುವಾಗ ನನ್ನ ಮುಖ ನೋಡ್ಲಿಲ್ಲ.

ಮೊನ್ನೆ ಅಕ್ಕನ್ನ ನೋಡಕ್ಕೆ ಬಿಟ್ರು. ಕೆಮ್ಮಿ ಕೆಮ್ಮಿ ಸೊರಗಿದಾಳೆ, ಬಟ್ಟೇಲಿ ರಕ್ತ ಇತ್ತು. ಇವತ್ತು ತಾರೀಕೆಷ್ಟೋ ಅಂತ ಕೇಳಿದ್ಲು.

ಕೆಟ್ಟೋರು ಮಾಡಿದ್ರೆ ತಡ್ಕೋತಿದ್ದೆ. ನೀನು ಊರಿಗೆ ಆಸ್ಪತ್ರೆ ತಂದೋಳಂತೆ, ಬಡವರ ಮನೇಲಿ ಕೂತು ಉಣ್ತಿದ್ಯಂತೆ. ಒಂದು ಪ್ರಶ್ನೆ ಕೇಳಕ್ಕೆ ಏನಾಗಿತ್ತು ನಿನಗೆ? ಊಟ ಅರ್ಧ ಗಂಟೆ ತಡ ಆಗ್ತಿತ್ತು, ಅಷ್ಟೇ ಅಲ್ವಾ? ಈ ಕಾಗದ ಹೇಗಾದ್ರೂ ನಿನ್ನ ಕೈಗೆ ಸಿಕ್ಕಿದ್ರೆ, ಆವತ್ತು ಎದ್ದು ನಿಂತು ಕೇಳು, ಅಧಿಕಾರ ಮುಗೀತು ಅಂತ ಹೇಳೋರು ಯಾರು, ಹೇಳಿದ್ರೂ ಅವರು ಬಿಡ್ದಿದ್ರೆ ಬಿಡಿಸೋರು ಯಾರು ಅಂತ. ಉತ್ತರ ಬರೋವರೆಗೆ ಕೂರ್ಬೇಡ.

ಭಟ್ಟಿಯೋರು ನಲವತ್ತು ಜನ ಕೆಳಗೆ ಬಂದು ನಿಂತಿದಾರೆ. ತಡೆಮನೆಗೆ ಹೋಗ್ತೀವಿ. ಅಕ್ಕನ್ನ ಕರ್ಕೊಂಡೇ ಬರ್ತೀವಿ, ಇಲ್ಲಾಂದ್ರೆ ಬರಲ್ಲ. ಅಮ್ಮ ಅಡ್ಡ ನಿಂತು ಅಳ್ತಿದಾಳೆ. "ಮಾರ್ಚ್ ತನಕ ತಡ್ಕೋ ಮಗನೇ" ಅಂತಾಳೆ. ಹೆತ್ತೋಳೂ ಅದನ್ನೇ ಹೇಳ್ತಾಳೆ ನೋಡು.

ಅವಳನ್ನ ಪಕ್ಕಕ್ಕೆ ಸರಿಸಿ ಹೊರಡ್ತಿದೀನಿ. ಬಾಗಿಲು ಧಡಾರಂತ ಹಾಕ್ತೀನಿ. ನಿನಗೂ ಕೇಳಿಸ್ಲಿ.