ಇರುವುದೊಂದೇ ಕರಿ ಗಾಜು

12 ಮಾರ್ಚ್ 1955, ಶನಿವಾರ. ತುರ್ವಿಹಾಳ.

ಅಷ್ಟು ಕಣ್ಣು ಕುಕ್ಕುವ ಬೆಳಕಿನೊಳಗೆ ಏನಿರುತ್ತದೆ? ನಮ್ಮವರು ಕಾಲುವೆಯ ಗೇಟಿಗೆ ವೆಲ್ಡಿಂಗ್ ಮಾಡುವಲ್ಲಿಗೆ ಇಂದು ತಾಟಿನಲ್ಲಿ ಅರಿಶಿನ ನೀರು ಒಯ್ದಿದ್ದೆ. ಗ್ರಹಣದಂತೆ ಇದನ್ನೂ ನೀರಿನಲ್ಲಿ ನೋಡಬಹುದು ಅಂದುಕೊಂಡಿದ್ದೆ.

"ಏ ಹುಚ್ಚಿ, ಕಣ್ಣು ಕಳಕೊಂತಿ! ಇದ್ರಾಗ ನೋಡು," ಎಂದು ತಮ್ಮ ಕರಿ ಗಾಜು ಕೊಟ್ಟರು. ಇರುವುದು ಅದೊಂದೇ.

"ನಿಮಗ್ರೀ?"

"ನಾ ಕಣ್ಣು ಮುಚ್ಚತೀನಿ."

ಗಾಜಿನೊಳಗೆ ಕಡುಗತ್ತಲು. ನಡುವೆ ಹಸಿರು ಹನಿಯೊಂದು ಬೆಲ್ಲದ ಪಾಕದಂತೆ ಕುದಿಯುತ್ತ ಸರಿಯಿತು. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದೆ.

ಈಗ ಅವರ ಕಣ್ಣುಗಳು ಬಾತು, ಉಸುಕು ಬಿದ್ದಂತೆ ಚುಚ್ಚುತ್ತಿವೆಯಂತೆ. ಮುಚ್ಚಿದ್ದೆ ಅನ್ನುತ್ತಾರೆ. ಕಣ್ಣು ಮುಚ್ಚಿದವರ ಬೆಸುಗೆ ಅಷ್ಟು ನೆಟ್ಟಗೆ ಬರುತ್ತದೆಯೇ?

ಒದ್ದೆ ಬಟ್ಟೆ ಕಟ್ಟಿದ್ದೇನೆ. ಮಲಗಿದಲ್ಲಿಂದಲೇ ಕೇಳುತ್ತಿದ್ದಾರೆ: "ನೋಡಿದಿಲ್ಲ? ಚೆಂದ ಇತ್ತಿಲ್ಲ?"

ಚೆಂದವೇ ಇತ್ತು. ಅದನ್ನು ಈಗ ಯಾವ ಬಾಯಿಂದ ಹೇಳಲಿ?