ವಿಮಾನದ ಮೂಗಿನ ಭಾರ

ಯಾದಗಿರಿ,
ಶ್ರಾವಣದ ರವಿವಾರ, ೧೮ ಆಗಸ್ಟ್ ೨೦೨೪

ನನ್ನ ಮೌನವ್ವನಿಗೂ, ಅವಳ ಮಡಿಲಲ್ಲಿರುವ, ನಾನಿನ್ನೂ ಎತ್ತಿಕೊಳ್ಳದ ಕೂಸಿಗೂ ಅಪ್ಪ ಬರೆಯುವುದು.

ನಾನು ಕ್ಷೇಮ. ಹೀಗೆ ಬರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಹೋದ ವರ್ಷ ನಾನೂ ನಿಮ್ಮವ್ವನೂ ಫೋನಿನಲ್ಲಿ ದಿನಾ ಇದನ್ನೇ ಹೇಳಿದೆವು. ನಿಮ್ಮವ್ವ ಹೋಗಿ ಐದು ತಿಂಗಳಾಯಿತು, ಅಂದಿನಿಂದ ನೀನು ನನ್ನ ಫೋನು ಎತ್ತಿಲ್ಲ. ಕೇಳುವುದೇನಾದರೂ ಇದ್ದರೆ ಅಳಿಯ ಬಸಲಿಂಗನ ಬಾಯಿಂದ ಕೇಳಿಸುತ್ತೀ. ಅದಕ್ಕೇ ಈ ಕಾಗದ. ಕಾಗದವನ್ನು ಹರಿದುಹಾಕಬಹುದು, ಆದರೂ ಹರಿಯುವ ಮೊದಲು ನಾಲ್ಕು ಸಾಲು ಕಣ್ಣಿಗೆ ಬೀಳುತ್ತವೆ.

ಸುರಪುರದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಪತ್ರದ ಮೊದಲ ಪ್ಯಾರಾದಲ್ಲೇ ವಿಷಯ ಬರಬೇಕು ಎನ್ನುತ್ತಿದ್ದರು. ಕಮ್ ಟು ದಿ ಪಾಯಿಂಟ್ ವೆಂಕಪ್ಪ ಎಂದು ಎಷ್ಟು ಸಲ ಕೆಂಪು ಮಸಿಯಲ್ಲಿ ಬರೆದರೋ. ಅಂದೂ ನಾನು ಪಾಯಿಂಟಿಗೆ ಬರಲಿಲ್ಲ. ಇಂದು ಪ್ರಯತ್ನ ಮಾಡುತ್ತೇನೆ. ಬಸಲಿಂಗ ಇವತ್ತು ಇಲ್ಲಿಗೆ ಬಂದಿದ್ದಾನೆ. ಅವನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಅದರಲ್ಲಿ ಆ ವಿಮಾನವಿದೆ. ಹೌದು, ಅದೇ. ಎಸೆಯುವುದಾದರೆ ಪತ್ರ ಓದಿ ಮುಗಿಸಿ ಎಸೆ.

ಆ ವಿಮಾನ ನಿನಗಿಂತ ಹಿರಿದು. ನನ್ನ ಮದುವೆಗೆ ಎಲ್ಲರೂ ತಟ್ಟೆ, ತಂಬಿಗೆ ಕೊಟ್ಟರು. ಕಾಲೇಜಿನ ಗೆಳೆಯ ಅಬ್ದುಲ್ ಕರೀಮ ಮಾತ್ರ ಹೈದರಾಬಾದಿನಿಂದ ಬಾಂಬ್ ಹಾಕುವ ವಿಮಾನ ತಂದ. ಎರಡನೆಯ ಮಹಾಯುದ್ಧದ, ನಾಲ್ಕು ಎಂಜಿನ್ನಿನ ಲಿಬರೇಟರ್. ಕೂಡಿಸಿದ ವಿಮಾನವಲ್ಲ. ಹಸಿರು ಪ್ಲಾಸ್ಟಿಕ್ಕಿನ ತುಂಡುಗಳು ಹುಣಸೆಕಾಯಿಯ ಹಾಗೆ ಕಡ್ಡಿಗೆ ಜೋತುಬಿದ್ದಿದ್ದವು, ಕತ್ತರಿಸಿ, ಅಂಟಿಸಿ ನಾವೇ ಮಾಡಬೇಕು. ಡಬ್ಬಿ ತೆರೆದು ನೋಡಿ ನಿಮ್ಮವ್ವ ಅಂದದ್ದು ಊರಿಗೇ ಗೊತ್ತು.

"ಮದುವಿಗಿ ಬಾಂಬ್ ಕೊಟ್ಟಾನಂದ್ರ ನಿಮ್ಮ ಗೆಳ್ಯಾ ನಮ್ಮ ಸಂಸಾರದ ಮ್ಯಾಲ ಏನ್ ಎಣಿಸ್ಯಾನ್ರೀ?"

ನಾಳೆ ಮಾಡೋಣ, ರಜೆಯಲ್ಲಿ ಮಾಡೋಣ, ರಿಟೈರ್ ಆದ ಮೇಲೆ ಮಾಡೋಣ ಎನ್ನುತ್ತ ಡಬ್ಬಿ ಕಪಾಟಿನ ಮೇಲೇ ಹಳೆಯದಾಯಿತು. ನಾನು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಬೇರೆಯವರ ಡಬ್ಬಿಗಳನ್ನು ಇಳಿಸುತ್ತ, ಏರಿಸುತ್ತ ಹಳಬನಾದೆ.

ಹೋದ ದೀಪಾವಳಿಗೆ ನಿಮ್ಮವ್ವನ ಕಾಲು ಬಾತವು, ಆಮೇಲೆ ಮುಖ. ಕಲಬುರ್ಗಿಯ ಡಾಕ್ಟರು ಎರಡೂ ಕಿಡ್ನಿ ಹೋಗಿವೆ ಅಂದರು. ಅದೇ ವಾರ ಸೊಲ್ಲಾಪುರದಿಂದ ನಿನ್ನ ಸುದ್ದಿ ಬಂತು. ಹಿಂದೆ ಎರಡು ಸಲ ನಿಲ್ಲದ ಬಸಿರು ಈ ಸಲ ನಿಂತು ಐದು ತಿಂಗಳಾಗಿದೆ, ಆದರೆ ಹಾಸಿಗೆ ಬಿಟ್ಟು ಏಳಬಾರದಂತೆ. ಆ ಎರಡು ಸುದ್ದಿಯನ್ನೂ ಅವಳು ಒಂದೇ ಮಂಚದ ಮೇಲೆ ಕೂತು ಕೇಳಿದಳು. "ಅಕಿಗಿ ಹೇಳಿದ್ರ ಎದ್ದು ಬರ್ತಾಳ. ಎದ್ದು ಬಂದ್ರ ಕೂಸು ಉಳೀದಿಲ್ಲ. ನನ್ನ ಆಣಿ ಅದ ನಿಮಗ" ಅಂದಳು.

ಆಣೆಯೇನೋ ಹಾಕಿದಳು. ಆದರೆ ನೀನು ದಿನಾ ಸಂಜೆ ವಿಡಿಯೋ ಕಾಲ್ ಮಾಡುವವಳು. ದನಿಯಲ್ಲಿ ಸುಳ್ಳು ಹೇಳಬಹುದು. ಬಾತ ಮುಖವನ್ನು ಎಲ್ಲಿಡುವುದು? ಆಗ ಅವಳೇ ಕಪಾಟಿನ ಮೇಲೆ ಕೈ ತೋರಿಸಿ, ಆ ಬಾಂಬ್ ಕೆಳಗೆ ಇಳಿಸಿರಿ ಅಂದಳು.

ನೀನು ಇಷ್ಟು ದಿನ ಅದು ನನ್ನ ಹುಚ್ಚು ಅಂದುಕೊಂಡಿದ್ದೀ. ಅಲ್ಲ ಮೌನವ್ವ. ಅದು ಅವಳು ಹಿಡಿದ ಪರದೆ. ಫೋನು ಬಡಿಯುತ್ತಲೇ ವಿಮಾನದ ರೆಕ್ಕೆಯನ್ನೋ ಬಾಲವನ್ನೋ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಅವ್ವಾ ನಿನ್ನ ಮಾರಿ ತೋರಸು, ಇಮಾನ ನೋಡಿ ನಾ ಏನ್ ಮಾಡ್ಲಿ ಅಂತ ನೀನು ಗದರಿಸುತ್ತಿದ್ದೆ. ಹುಟ್ಟಿದಾಗಿನಿಂದ ನೋಡಿದ ಮಾರಿಯೇ ಅದ, ಇದರ ರೆಕ್ಕಿ ನೋಡು, ಹ್ಯಾಂಗ ಕೂಡಿಸೀನಿ ಅಂತ ಅವಳು.

ಕೆಲಸ ಮಾತ್ರ ಸುಳ್ಳಲ್ಲ. ಕರೀಮನ ಮಗಳು ಉಮೆಸಲ್ಮಾ ಹೈದರಾಬಾದಿನಿಂದ ಅಂಟು, ಬಣ್ಣ ಮತ್ತು ಇಕ್ಕಳದಂಥ ಒಂದು ಸಣ್ಣ ಕಟರ್ ಕಳಿಸಿದಳು. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ನಾನು ನೆನಪಿದ್ದಷ್ಟನ್ನು ಓದಿ ಅರ್ಥ ಹೇಳುತ್ತಿದ್ದೆ, ಅವಳು ಚಿತ್ರ ನೋಡಿ ನನಗಿಂತ ಮೊದಲೇ ತುಂಡು ಎತ್ತಿಕೊಳ್ಳುತ್ತಿದ್ದಳು. ತವರೂರು ತಿಂಥಣಿಯಲ್ಲಿ ಹೊಳೆದಂಡೆಗೆ ಕೂತು ಬಲೆಯ ಹರಕು ಹೊಲಿದು ಬೆಳೆದ ಬೆರಳುಗಳು. ಸೊಟ್ಟಗಾಗಿದ್ದ ರೆಕ್ಕೆಯನ್ನು ಬಿಸಿನೀರಲ್ಲಿ ಅದ್ದಿ ಮೆಲ್ಲಗೆ ನೆಟ್ಟಗೆ ಮಾಡಿದಳು. ರೆಕ್ಕೆಗೆ ಹಚ್ಚುವ, ವಾಯುಪಡೆಯ ಚಕ್ರದ ಗುರುತಿನ ಚೀಟಿಗಳು ಹಳೆಯವಾಗಿ ಅರಿಶಿಣ ಬಣ್ಣಕ್ಕೆ ತಿರುಗಿದ್ದವು. ಅವನ್ನು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಒಡ್ಡಿದರೆ ಬೆಳ್ಳಗಾಗುತ್ತವೆಂದು ಉಮೆಸಲ್ಮಾ ಹೇಳಿದ್ದಳು. ಯಾದಗಿರಿಯ ಬಿಸಿಲಿಗೆ ಅದೇನು ದೊಡ್ಡ ಕೆಲಸ. ಡಯಾಲಿಸಿಸ್ಸಿಗೆ ಹೋಗಿ ಬಂದ ದಿನ ಕೂಡ ಮೊದಲು ಕಿಟಕಿ ನೋಡಿ, ಆಮೇಲೆ ಮಲಗುತ್ತಿದ್ದಳು.

ಒಂದು ಸಂಜೆ ನೀನು ಅತ್ತೆ. ಚೊಚ್ಚಲ ಬಾಣಂತನಕ್ಕೆ ಎಲ್ಲರೂ ತವರಿಗೆ ಹೋಗುತ್ತಾರೆ, ನಿಮ್ಮವ್ವ ಕರೆಯಲಿಲ್ಲವೇ ಎಂದು ನಿಮ್ಮತ್ತೆ ಕೇಳಿದರಂತೆ. ನೀನು ಅಂದ ಮಾತು ನನ್ನ ಕಿವಿಯಲ್ಲಿದೆ: "ಎಲ್ಲಾರಿಗೂ ತವರಮನಿ ಅದ. ನಮ್ಮವ್ವಗ ಇಮಾನ ಮಾಡೂದದ."

ವಿಮಾನ ಅವಳ ಮುಖದ ಮುಂದೆ ಅಲುಗಲಿಲ್ಲ. ಕಾಲ್ ಮುಗಿದ ಮೇಲೂ ಹಾಗೇ ಹಿಡಿದುಕೊಂಡು ಕೂತಿದ್ದಳು. ನಾನು ಬಿಡಿಸಿಕೊಳ್ಳಲು ಹೋದಾಗ, "ಬೈಲಿ ಬಿಡ್ರಿ. ಬೈಯಾಕ ಜೀವ ಗಟ್ಟಿ ಇರಬೇಕು. ಗಟ್ಟಿ ಅದಾಳ" ಅಂದಳು.

ಈಗ ಮುಖ್ಯ ಮಾತು. ಈ ಲಿಬರೇಟರಿಗೆ ಮೂಗಿನ ಕೆಳಗೊಂದು ಗಾಲಿ, ರೆಕ್ಕೆಯ ಕೆಳಗೆ ಎರಡು. ಬಾಲದ ಭಾರ ಹೆಚ್ಚು. ಒಡಲನ್ನು ಎರಡು ಹೋಳಾಗಿ ಕೊಟ್ಟಿರುತ್ತಾರೆ. ಅಂಟಿಸಿ ಮುಚ್ಚುವ ಮೊದಲೇ ಮೂಗಿನೊಳಗೆ ಏನಾದರೂ ಭಾರ ಇಡಬೇಕು. ಇಡದಿದ್ದರೆ ವಿಮಾನ ಗಾಲಿಯ ಮೇಲೆ ನಿಲ್ಲುವುದಿಲ್ಲ, ಮೂಗು ಮೇಲೆತ್ತಿ ಬಾಲದ ಮೇಲೆ ಕೂಡುತ್ತದೆ. ಒಮ್ಮೆ ಮುಚ್ಚಿದರೆ ಒಡೆಯದೆ ಒಳಗೆ ಏನನ್ನೂ ಹಾಕಲು ಬರುವುದಿಲ್ಲ. ಇಷ್ಟು ತಿಳಿದಿರಲಿ.

ಭಾರಕ್ಕೆಂದು ನಾನು ಶಹಾಪುರ, ಸುರಪುರ ದಾಟಿ ತಿಂಥಣಿಗೆ ಹೋದೆ. ನಿನ್ನ ಸೋದರಮಾವ ಹಳೆಯ ಬಲೆಯ ಅಂಚಿನ ಸೀಸದ ಗುಂಡುಗಳನ್ನು ಬಿಚ್ಚಿ ಕೊಟ್ಟ. "ಇಮಾನಕ್ಕ ಬಲಿ ಬೀಸ್ತೀರೇನ್ರೀ ಮಾವ?" ಅಂತ ನಕ್ಕ. ಅಕ್ಕನ ಕಾಯಿಲೆ ಅವನಿಗೂ ಹೇಳಿರಲಿಲ್ಲ. ಗುಂಡುಗಳನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿ ತಂದು ಅವಳ ಕೈಗೆ ಕೊಟ್ಟೆ. ಮರುದಿನ ನಾನು ಔಷಧಿಗೆ ಕಲಬುರ್ಗಿಗೆ ಹೋಗುವುದಿತ್ತು. ಗುಂಡುಗಳನ್ನು ಎಂ-ಸೀಲ್ ಹಾಕಿ ಮೂಗಿನಲ್ಲಿ ಕೂಡಿಸಿ ತಾನೇ ಒಡಲು ಮುಚ್ಚುತ್ತೇನೆ ಅಂದಳು.

ನಾನು ಬರುವಷ್ಟರಲ್ಲಿ ಒಡಲು ಮುಚ್ಚಿ, ದಾರ ಸುತ್ತಿಟ್ಟಿದ್ದಳು. ಭಾರ ಹಾಕಿದೆಯಾ ಎಂದು ಕೇಳಿದೆ. "ಹಾಕೀನ್ರಿ. ಸಾಕಷ್ಟು ಭಾರ ಅದ" ಅಂದಳು. ಕಟರ್ ಎತ್ತಿಕೊಂಡರೆ ಅದರ ಬಾಯಿ ಮುಕ್ಕಾಗಿತ್ತು. ಪ್ಲಾಸ್ಟಿಕ್ ಕತ್ತರಿಸುವ ಇದರಿಂದ ಬೇರೇನು ಕತ್ತರಿಸಿದೆ ಎಂದು ಸಿಡುಕಿದೆ. ಯಾವುದೋ ತಂತಿ ಅಂದಳು. ಕಾಲಿನ ಮೇಲೆ ಕೌದಿ ಹೊದ್ದುಕೊಂಡಿದ್ದಳು. ಅಂದಿನಿಂದ ಆ ಕೌದಿ ಕಾಲ ಮೇಲಿಂದ ಸರಿಯಲಿಲ್ಲ. ಚಳಿ ಎಂದುಕೊಂಡೆ.

ನಿನ್ನ ಕೂಸನ್ನು ಫೋನಿನಲ್ಲಿ ನೋಡಿದಳು. ಒಂದು ಕೈಯಲ್ಲಿ ವಿಮಾನ ಹಿಡಿದೇ ನೋಡಿದಳು. ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಹೋದಳು.

ಆಮೇಲಿನದು ನಿನಗೆ ಗೊತ್ತು. ಹಸಿಬಾಣಂತಿ, ಕೂಸನ್ನು ನಿಮ್ಮತ್ತೆಯ ಮಡಿಲಲ್ಲಿ ಬಿಟ್ಟು, ತಲೆಗೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಯಾರು ಬೇಡವೆಂದರೂ ಕೇಳದೆ ಬಂದೆ. ಕಡೆಯ ಸ್ನಾನ ಮಾಡಿಸಿ ಪಕ್ಕದ ಮನೆಯ ಸೂಗಮ್ಮ ಕಾಲಿಗೆ ಅರಿಶಿಣ ಹಚ್ಚಲು ಬಗ್ಗಿದವಳು ಹಾಗೇ ನಿಂತಳು. ಬೆರಳಲ್ಲಿ ಕಾಲುಂಗುರ ಇರಲಿಲ್ಲ. ಮುತ್ತೈದೆ ಹಾಗೆ ಹೋಗಬಾರದೆಂದು ಹೆಂಗಸರು ಟ್ರಂಕು, ಡಬ್ಬಿ, ದೇವರ ಮಾಡ ಎಲ್ಲಾ ಹುಡುಕಿದರು. ಸುರಪುರದ ಪತ್ತಾರ ಬಡಿದುಕೊಟ್ಟ ದಪ್ಪ ಬೆಳ್ಳಿಯವು, ನೀನು ಸಣ್ಣವಳಿದ್ದಾಗ ಅವಳ ಕಾಲ ಬಳಿ ಮಲಗಿ ಅವನ್ನು ತಿರುಗಿಸುತ್ತ ನಿದ್ದೆ ಹೋಗುತ್ತಿದ್ದೆ. ಕಡೆಗೆ ಪೇಟೆಯಿಂದ ತೆಳ್ಳನೆಯ ಜೋಡಿ ತರಿಸಿದರು. ಬಾತ ಬೆರಳಿಗೆ ಅವು ಏರಲಿಲ್ಲ. ಕಾಲ ಮೇಲೆ ಇಟ್ಟು ದಾರ ಕಟ್ಟಿದರು.

ಆಗ ನೀನು ಕಪಾಟಿನ ಮೇಲಿದ್ದ ವಿಮಾನ ನೋಡಿದೆ. ಎಲ್ಲರ ಮುಂದೆ ಕೇಳಿದೆ:

"ಕಾಲುಂಗುರ ಇದಕ್ಕ ಮಾರಿದೇನಪ್ಪಾ?"

ಇಲ್ಲ ಎಂದೆ. ಮತ್ತೆಲ್ಲಿವೆ ಎಂದೆ ನೀನು. ಗೊತ್ತಿಲ್ಲದವನೂ ಸುಳ್ಳುಗಾರನಂತೆಯೇ ಕಾಣುತ್ತಾನೆ.

ಹೋದ ವಾರ ಶ್ರಾವಣಕ್ಕೆಂದು ಮನೆ ತೊಳೆಯುವಾಗ ವಿಮಾನವನ್ನು ಕೆಳಗೆ ಇಳಿಸಿದೆ. ಗಾಲಿ ಮತ್ತು ಎಂಜಿನ್ನಿನ ಪಂಖಗಳನ್ನು ಹಚ್ಚುವುದು ಮಾತ್ರ ಉಳಿದಿತ್ತು. ಅವಳು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದೆನಿಸಿತು. ಗಾಲಿ ಅಂಟಿಸಿ, ಒಣಗಲು ಬಿಟ್ಟು, ಮೇಜಿನ ಮೇಲೆ ನಿಲ್ಲಿಸಿದೆ. ಮೂರೂ ಗಾಲಿಯ ಮೇಲೆ ಅಲುಗಾಡದೆ ನಿಂತಿತು. ನಿಮ್ಮವ್ವ ಹಾಕಿದ ಸೀಸ ಎಷ್ಟು ಸರಿಯಾಗಿದೆ ಎಂದು ಒಬ್ಬನೇ ನಕ್ಕೆ. ಆಮೇಲೆ ಅಂಟಿನ ಟ್ಯೂಬು ಇಡಲು ಅವಳ ಹೊಲಿಗೆ ಡಬ್ಬಿ ತೆಗೆದೆ. ದಾರದುಂಡೆಗಳ ಕೆಳಗೆ ಕಡ್ಡಿಪೆಟ್ಟಿಗೆ ಇತ್ತು. ಎತ್ತಿದರೆ ಭಾರ. ತೆರೆದರೆ ತಿಂಥಣಿಯ ಸೀಸದ ಗುಂಡುಗಳು. ಒಂದನ್ನೂ ಅವಳು ಬಳಸಿರಲಿಲ್ಲ.

ಮತ್ತೆ ವಿಮಾನ ಹೇಗೆ ನಿಂತಿದೆ?

ಕೂತಲ್ಲೇ ಎಲ್ಲಾ ಒಂದೊಂದಾಗಿ ಬಂತು. ಬಾತ ಬೆರಳಲ್ಲಿ ಉಂಗುರ ಕಚ್ಚಿಕೊಂಡಿರಬೇಕು. ನಾನಿಲ್ಲದ ದಿನ ನೋಡಿ, ಆ ಸಣ್ಣ ಕಟರಿನಿಂದ ತಾನೇ ಬಗ್ಗಿ ಕತ್ತರಿಸಿಕೊಂಡಿದ್ದಾಳೆ. ಗಂಡ ಬದುಕಿರುವಾಗ ಕಾಲುಂಗುರ ಕತ್ತರಿಸಿದ್ದು ನನ್ನ ಕಣ್ಣಿಗೆ ಬೀಳಬಾರದು, ನಿನ್ನ ಕಿವಿಗೂ ಬೀಳಬಾರದು. ಪತ್ತಾರನಿಗೆ ಕೊಟ್ಟರೆ ಊರಿಗೆ ಗೊತ್ತಾಗುತ್ತದೆ, ಹೊಳೆಗೆ ಬಿಡಲು ನಡೆಯುವ ಶಕ್ತಿಯಿಲ್ಲ. ಮುಂದೆ ಮೂಗು ತೆರೆದ ವಿಮಾನವಿತ್ತು. ಅದಕ್ಕೆ ಭಾರ ಬೇಕಿತ್ತು.

ಒಡೆದು ನೋಡೋಣವೆಂದು ಬ್ಲೇಡು ಹಿಡಿದೆ. ಎರಡು ಹೋಳು ಕೂಡಿದ ಗೆರೆ ಮೂಗಿನ ಕೆಳಗೆ ಹಾಯುತ್ತದಲ್ಲ, ಅಲ್ಲಿ ಹೆಚ್ಚಾದ ಅಂಟು ಒರೆಸುವಾಗ ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಅವಳ ಹೆಬ್ಬೆರಳಿನ ಅಚ್ಚು ಮೂಡಿ ಗಟ್ಟಿಯಾಗಿದೆ. ಗೆರೆ ಅದರ ನಡುವೆಯೇ ಹೋಗಿದೆ. ಬ್ಲೇಡು ಇಳಿಸಲು ಕೈ ಬರಲಿಲ್ಲ.

ದವಾಖಾನೆಯ ಎಕ್ಸ್‌ರೇ ಮಾಡುವ ಮೌಲಾಲಿಯನ್ನು ಕೇಳಿದೆ. "ಇಮಾನಕ್ಕೂ ಡಾಕ್ಟರ್ ಚೀಟಿ ಬೇಕ್ರಿ ಸರ" ಅಂತ ಮೊದಲು ಚೇಷ್ಟೆ ಮಾಡಿದ. ವಿಷಯ ತಿಳಿದ ಮೇಲೆ, ಮಂದಿ ಇಲ್ಲದಾಗ ತರ್ರಿ, ತೆಗೆದುಕೊಡುತ್ತೇನೆ ಅಂದ. ನಾನು ಹೋಗಲಿಲ್ಲ. ಫಿಲ್ಮು ನೋಡಿ ನೀನು ನಂಬಿದರೆ ಫಿಲ್ಮನ್ನು ನಂಬಿದಂತಾಯಿತು.

ಪಾರ್ಸೆಲ್ ಆಫೀಸಿನಲ್ಲಿ ಮಂದಿ ಕಟ್ಟಿ ತಂದ ಪೆಟ್ಟಿಗೆಯನ್ನು ನಾವು ಬಿಚ್ಚಿ ನೋಡುತ್ತಿರಲಿಲ್ಲ. ರಸೀದಿಯಲ್ಲಿ 'ಸೆಡ್ ಟು ಕಂಟೇನ್' ಎಂದು ಬರೆಯುತ್ತಿದ್ದೆವು. ಒಳಗೆ ಇಂಥದ್ದಿದೆ ಎಂದು ತಂದವರು ಹೇಳುತ್ತಾರೆ, ನಾವು ನೋಡಿಲ್ಲ ಎಂದು ಅರ್ಥ. ಸರ್ವಿಸಿನುದ್ದಕ್ಕೂ ಕೈ ಅದನ್ನು ತಾನೇ ಬರೆಯುತ್ತಿತ್ತು. ಇವತ್ತು ನಿನ್ನ ಪೆಟ್ಟಿಗೆಯ ಮೇಲೆ ಬರೆಯುವಾಗ ಮಾತ್ರ ಪ್ರತಿ ಅಕ್ಷರಕ್ಕೂ ಪೆನ್ನು ನಿಂತಿತು. ಸೆಡ್ ಟು ಕಂಟೇನ್, ಕಾಲುಂಗುರ ಒಂದು ಜೋಡಿ. ಕಳಿಸಿದವಳು ಹನುಮಂತಮ್ಮ. ನಾನು ಬರೀ ಸಾಗಿಸುವವನು.

ಇನ್ನು ನಿನ್ನ ಮುಂದೆ ಸುಳ್ಳು ಬೇಡ. ಮೇಲೆ ಕ್ಷೇಮ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಕಾಯಿಲೆ ಏನೂ ಇಲ್ಲ. ಸಂಜೆಯಾದರೆ ಫೋನು ಬಡಿಯುವುದಿಲ್ಲ, ಅಷ್ಟೇ.

ನಿನ್ನ ಕೂಸಿನ ಕಾಲು ಮುಟ್ಟಿ ನೋಡಬೇಕೆಂದಿರುವ
ನಿಮ್ಮಪ್ಪ,
ವೆಂಕಪ್ಪ

ತಾ.ಕ.: ಪೆಟ್ಟಿಗೆಯ ಮೂಲೆಯಲ್ಲಿ ಆ ಕಡ್ಡಿಪೆಟ್ಟಿಗೆಯನ್ನೂ ಇಟ್ಟಿದ್ದೇನೆ. ನೀನು ವಿಮಾನ ಒಡೆದು ನೋಡಿದರೆ ನನಗೆ ಬೇಸರವಿಲ್ಲ. ಒಳಗಿನ ಉಂಗುರಗಳು ನಿನ್ನವೇ, ಇಟ್ಟುಕೋ. ಆದರೆ ಮುಚ್ಚುವ ಮೊದಲು ಅವುಗಳ ಜಾಗದಲ್ಲಿ ಈ ಸೀಸ ಹಾಕು. ಇಲ್ಲದಿದ್ದರೆ ನಿಮ್ಮವ್ವ ನಿಲ್ಲಿಸಿದ ಹಾಗೆ ಅದು ನಿಲ್ಲುವುದಿಲ್ಲ.